ಕ್ಯಾಮೆರಾ ಅವರದು, ದನಿ ನಮ್ಮದು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ತಂಡ ಊರು ಬಿಟ್ಟು ಹೋದಾಗ ಟಿವಿ ಜೊತೆಗೆ ಹೋಗುವುದಿಲ್ಲ. ಆಗ ಅಭಿಮಾನಿ ಪರರ ಮನೆಯ ಕಿಟಕಿಯಲ್ಲಿ ಇಣುಕಬೇಕು.

ಶನಿವಾರ ಬೆಳಗಿನ ಜಾವ ಐದು ಗಂಟೆಗೆ ನಾನು ಅಡುಗೆಮನೆಯ ದೀಪ ಹಾಕಿದರೆ ಅಮ್ಮ ಹಾಸಿಗೆಯಿಂದಲೇ ಕೇಳುತ್ತಾಳೆ: ‘ಇವತ್ತು ತವರಲ್ಲೋ, ಅತ್ತೆ ಮನೇಲೋ?’

ಅಮ್ಮನ ಪಾಲಿಗೆ ಬ್ಯಾಸ್ಕೆಟ್‌ಬಾಲ್ ಎಂದರೆ ಉದ್ದುದ್ದ ಹುಡುಗರು ಚೆಂಡು ಕುಟ್ಟಿಕೊಂಡು ಓಡುವ ಆಟ, ಅಷ್ಟೇ. ಹೋಮ್ ಗೇಮ್, ರೋಡ್ ಗೇಮ್ ಎಂದು ನಾನು ಒಮ್ಮೆ ವಿವರಿಸಿದ್ದನ್ನು ಅವಳು ತನ್ನ ಮಾತಿಗೆ ತಿರುಗಿಸಿಕೊಂಡಳು. ನಮ್ಮ ಪತ್ರಿಕೆಗಳ ಕ್ರೀಡಾಪುಟವೂ ‘ತವರಿನ ಅಂಗಳ’ ಎಂದೇ ಬರೆಯುತ್ತದೆ. ಆದರೆ ತವರಿದ್ದ ಮೇಲೆ ಅತ್ತೆಮನೆಯೂ ಇರಬೇಕಲ್ಲ ಎಂದು ಅಲ್ಲಿ ಯಾರಿಗೂ ಹೊಳೆದಂತಿಲ್ಲ. ತವರಲ್ಲಿ ಪಂದ್ಯವಿದ್ದರೆ ಮಗ ಲ್ಯಾಪ್‌ಟಾಪ್ ಮುಂದೆ ತೆಪ್ಪಗೆ ಕೂತಿರುತ್ತಾನೆ. ಅತ್ತೆಮನೆಯಲ್ಲಿದ್ದರೆ ಊಟದ ಮೇಜು ಪೂರ್ತಿ ಹೋಯಿತೆಂದೇ ಲೆಕ್ಕ. ಏಳೂವರೆಯವರೆಗೆ ಅಲ್ಲಿ ಒಂದು ತಟ್ಟೆ ಇಡುವ ಹಾಗಿಲ್ಲ.

ಮೇಜಿನ ಮೇಲೆ ನಡುವೆ ಲ್ಯಾಪ್‌ಟಾಪ್, ಅದರಲ್ಲಿ ಪಂದ್ಯದ ಚಿತ್ರ. ಪಕ್ಕದಲ್ಲಿ ಸ್ಟೀಲ್ ಲೋಟಕ್ಕೆ ಒರಗಿಸಿ ನಿಲ್ಲಿಸಿದ ಮೊಬೈಲ್, ಅದರಲ್ಲಿ ಕ್ಷಣಕ್ಷಣದ ಸ್ಕೋರು. ಬಲಗಿವಿಯಲ್ಲಿ ಇಯರ್‌ಫೋನ್, ಅದರಲ್ಲಿ ಹಳೆಯ ಊರಿನ ರೇಡಿಯೋ. ಎಡಗಿವಿ ಖಾಲಿ. ಅದು ಹಾಲಿನವನ ಕರೆಗಂಟೆಗೆ ಮೀಸಲು. ಚಿತ್ರ ಕೈಕೊಟ್ಟರೆ ಸ್ಕೋರು, ಸ್ಕೋರು ನಿಂತರೆ ರೇಡಿಯೋ. ಮೂರೂ ಕೈಕೊಟ್ಟ ದಿನಗಳಿವೆ. ಆಗ ಬೆಂಗಳೂರಿನ ಬನಶಂಕರಿಯ ನಸುಕಿನಲ್ಲಿ ನಾನು, ಖಾಲಿ ಲೋಟ, ಮತ್ತು ತೆರೆಯ ನಡುವೆ ತಿರುಗುತ್ತಲೇ ಇರುವ ಒಂದು ಸಣ್ಣ ಚಕ್ರ.

ಹದಿನೈದು ವರ್ಷಗಳ ಹಿಂದೆ ಎರಡು ಚಳಿಗಾಲ ನಾನು ನ್ಯೂಯಾರ್ಕ್ ರಾಜ್ಯದ ಇಥಾಕಾ ಎಂಬ ಊರಿನಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿದೆ. ಓದಿದ್ದರಲ್ಲಿ ಮುಕ್ಕಾಲು ಪಾಲು ಮರೆತಿದೆ. ಅಂಟಿಕೊಂಡು ಉಳಿದದ್ದು ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡ. ಕಾರ್ನೆಲ್, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದ ಎಂಟು ಹಳೆಯ ಸಂಸ್ಥೆಗಳ ಕೂಟಕ್ಕೆ ಐವಿ ಲೀಗ್ ಎಂದು ಹೆಸರು. ಇಲ್ಲಿ ಓದು ಮೊದಲು, ಆಟ ಆಮೇಲೆ. ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ. ಆದ್ದರಿಂದ ಬಹುಕಾಲ ಈ ಲೀಗಿನ ಪಂದ್ಯಗಳು ಶುಕ್ರವಾರ ಮತ್ತು ಶನಿವಾರ ರಾತ್ರಿಗಳಿಗೇ ಅಂಟಿಕೊಂಡಿದ್ದವು, ಪಾಠ ತಪ್ಪಬಾರದು ನೋಡಿ. ಅವರ ಶುಕ್ರವಾರ ರಾತ್ರಿ ಏಳು ಎಂದರೆ ನಮಗೆ ಶನಿವಾರ ಬೆಳಗಿನ ಐದೂವರೆ. ಪಂಚಾಂಗವೇ ಕೂಡಿಬಂದ ಹಾಗೆ.

ಯಜಮಾನನ ಕಣ್ಣು

ಅಮೆರಿಕದ ಕಾಲೇಜು ಕ್ರೀಡೆಯ ಮೇಲ್ದರ್ಜೆಗೆ ‘ಡಿವಿಷನ್ ಒನ್’ ಎನ್ನುತ್ತಾರೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ದರ್ಜೆಯ ಕಾಲೇಜುಗಳು 350ಕ್ಕೂ ಹೆಚ್ಚು. ಒಂದೊಂದು ತಂಡ ನವೆಂಬರಿನಿಂದ ಮಾರ್ಚ್‌ವರೆಗೆ ಸುಮಾರು 30 ಪಂದ್ಯ ಆಡುತ್ತದೆ. ಗುಣಿಸಿ ಅರ್ಧ ಮಾಡಿ ನೋಡಿದರೆ ಪುರುಷರದೇ ಐದು ಸಾವಿರಕ್ಕೂ ಮಿಕ್ಕಿದ ಪಂದ್ಯಗಳು. ಮಹಿಳೆಯರದೂ ಹೆಚ್ಚುಕಡಿಮೆ ಅಷ್ಟೇ. ಯಾವ ದೇಶದ ಟಿವಿಯೂ ಇಷ್ಟನ್ನು ತೋರಿಸಲಾರದು. ಡ್ಯೂಕ್, ಕೆಂಟಕಿ, ಕ್ಯಾನ್ಸಸ್‌ನಂಥ ದೊಡ್ಡ ಮನೆತನಗಳ ಆಟ ಟಿವಿಗೆ. ಮಿಕ್ಕವರದು ಇಂಟರ್ನೆಟ್‌ಗೆ, ಇಲ್ಲವೇ ಗಾಳಿಗೆ.

ತವರಿನ ಪಂದ್ಯಕ್ಕೆ ತೊಂದರೆಯಿಲ್ಲ. ಊರಲ್ಲಿದ್ದರೆ ಟಿಕೆಟ್ ಕೊಂಡು ಹೋಗಬಹುದು. ದೂರದಲ್ಲಿದ್ದರೆ ನಮ್ಮದೇ ಕಾಲೇಜಿನ ಕ್ಯಾಮೆರಾ, ನಮ್ಮದೇ ವೀಕ್ಷಕ ವಿವರಣೆ. ತೊಡಕಿರುವುದು ಹೊರ ಊರಿನ ಪಂದ್ಯದಲ್ಲಿ. ಪಂದ್ಯ ಯಾರ ಅಂಕಣದಲ್ಲಿ ನಡೆಯುತ್ತದೋ ಸಾಮಾನ್ಯವಾಗಿ ಪ್ರಸಾರದ ಹಕ್ಕು ಅವರ ಲೀಗಿನದು, ಚಿತ್ರ ತೆಗೆಯುವ ಹೊಣೆಯೂ ಅವರದೇ. ಕ್ಯಾಮೆರಾ ಎಲ್ಲಿಡಬೇಕು, ಯಾರ ಮುಖ ತೋರಿಸಬೇಕು, ಯಾವ ಎಸೆತವನ್ನು ಮತ್ತೆ ಹಾಕಬೇಕು, ಎಲ್ಲವೂ ಆತಿಥೇಯರ ಮರ್ಜಿ.

ಸಣ್ಣ ಕಾಲೇಜುಗಳ ಇಂಥ ಪ್ರಸಾರವನ್ನು ನಡೆಸುವವರಲ್ಲಿ ಎಷ್ಟೋ ಮಂದಿ ಅಲ್ಲಿಯ ವಿದ್ಯಾರ್ಥಿಗಳೇ. ಪತ್ರಿಕೋದ್ಯಮ ಓದುವ ಹುಡುಗಿ ಮುಖ್ಯ ಕ್ಯಾಮೆರಾ ಹಿಡಿದಿರುತ್ತಾಳೆ, ಎಂಜಿನಿಯರಿಂಗ್ ಓದುವವನು ಸ್ಕೋರಿನ ಪಟ್ಟಿ ಕೂರಿಸುತ್ತಿರುತ್ತಾನೆ. ಅವರನ್ನು ನಾನು ದೂರುವುದಿಲ್ಲ. ಆದರೆ ಅವರ ಕಣ್ಣು ಅವರ ಗೆಳೆಯರ ಮೇಲೇ ಇರುತ್ತದೆ. ಆ ಕಡೆಯವರು ಬುಟ್ಟಿಗೆ ಹಾಕಿದರೆ ಮೂರು ಕೋನದಿಂದ ಮರುಪ್ರಸಾರ. ನಮ್ಮವರು ಹಾಕಿದರೆ ಕ್ಯಾಮೆರಾ ಸರಕ್ಕನೆ ಅವರ ಕೋಚ್ ಮುಖಕ್ಕೆ ಹೋಗುತ್ತದೆ. ಕೆಲವು ವರ್ಷ ಹೀಗೇ ನೋಡಿದ ಮೇಲೆ ನನಗೊಂದು ವಿದ್ಯೆ ಸಿದ್ಧಿಸಿತು. ಆ ಕೋಚ್ ತುಟಿ ಬಿಗಿದರೆ ನಮಗೆ ಎರಡು ಅಂಕ. ಕೈಚೆಲ್ಲಿ ಮೇಲೆ ನೋಡಿದರೆ ಮೂರು.

ಹೆಸರುಗಳ ಪಾಡಂತೂ ಹೇಳುವಂತಿಲ್ಲ. ಆತಿಥೇಯರ ವಿವರಣೆಗಾರನಿಗೆ ನಮ್ಮ ಹುಡುಗರ ಹೆಸರು ಅಂದು ಬೆಳಿಗ್ಗೆಯಷ್ಟೇ ಕೈಗೆ ಬಂದಿರುತ್ತದೆ. ಮೊದಲಾರ್ಧದಲ್ಲಿ ಒಂದು ಉಚ್ಚಾರ, ಎರಡನೇ ಅರ್ಧದಲ್ಲಿ ಇನ್ನೊಂದು, ಆಟ ಬಿಸಿಯೇರಿದಾಗ ಬರೀ ಅಂಗಿಯ ಸಂಖ್ಯೆ. ನಾಲ್ಕು ವರ್ಷ ಕಣ್ಣೆದುರು ಬೆಳೆದ ಹುಡುಗ ಅತ್ತೆಮನೆಯಲ್ಲಿ ‘ಇಪ್ಪತ್ತಮೂರು’ ಆಗಿಬಿಡುತ್ತಾನೆ.

ತಾತನ ನೋಟ್‌ಬುಕ್ಕು

ಇದಕ್ಕೆ ಮದ್ದು ಏನೆಂದು ನನಗೆ ಕಲಿಸಿದವರು ಇಥಾಕಾದಲ್ಲಿ ನಾನಿದ್ದ ಮನೆಯ ಮಾಲೀಕರು. ಎಪ್ಪತ್ತು ದಾಟಿದ ನಿವೃತ್ತ ಶಾಲಾ ಮೇಷ್ಟ್ರು. ಎದುರಿಗೆ ಅಲ್ಲಿಯ ರೂಢಿಯಂತೆ ಬರೀ ಹೆಸರು ಹಿಡಿದು ಕರೆಯುತ್ತಿದ್ದರೂ ಮನಸ್ಸಿನಲ್ಲಿ ಅವರು ನನಗೆ ತಾತನೇ. ಹೊರ ಊರಿನ ಪಂದ್ಯದ ರಾತ್ರಿ ಅವರು ಅಡುಗೆಮನೆಯ ಮೇಜಿನ ಮೇಲೆ ಒಂದು ಹಳೆಯ ರೇಡಿಯೋ, ಎರಡು ಪೆನ್ಸಿಲ್, ಉದ್ದ ಗೆರೆ ಹಾಕಿದ ನೋಟ್‌ಬುಕ್ ಇಟ್ಟುಕೊಂಡು ಕೂರುತ್ತಿದ್ದರು. ಆಟಗಾರನಿಗೊಂದು ಸಾಲು. ಬುಟ್ಟಿಗೆ ಬಿದ್ದರೆ 2 ಅಥವಾ 3. ಫ್ರೀ ಥ್ರೋ ಸಿಕ್ಕರೆ ಒಂದು ಸೊನ್ನೆ; ಅದು ಒಳಗೆ ಬಿದ್ದರೆ ಸೊನ್ನೆಯ ಹೊಟ್ಟೆ ತುಂಬುತ್ತಿತ್ತು, ತಪ್ಪಿದರೆ ಹಾಗೇ ಖಾಲಿ. ಫೌಲ್‌ಗೆ ಅಡ್ಡಗೀಟು. ಪಂದ್ಯ ಮುಗಿದ ಮೇಲೆ ಆ ಹಾಳೆ ನೋಡಿದರೆ ಇಡೀ ಆಟ ಕಣ್ಣಿಗೆ ಕಟ್ಟುತ್ತಿತ್ತು.

ಅವರು ತೋರಿಸಿಕೊಟ್ಟ ಸಂಗತಿ ಇದು: ಕ್ಯಾಮೆರಾ ಆತಿಥೇಯರದು, ಅದು ಮನೆಯಲ್ಲೇ ಇರುತ್ತದೆ. ರೇಡಿಯೋ ದನಿ ಹಾಗಲ್ಲ. ಅದು ತಂಡದ ಜೊತೆ ಬಸ್ ಹತ್ತುತ್ತದೆ. ನಮ್ಮ ವಿವರಣೆಗಾರ ಹುಡುಗರ ಜೊತೆಗೇ ಹಿಮದ ದಾರಿಯಲ್ಲಿ ಹೋಗಿ, ಎದುರಾಳಿಯ ಅಂಕಣದ ಒಂದು ಮೂಲೆಯಲ್ಲಿ ಜಾಗ ಹಿಡಿದು, ನಮ್ಮ ಮಾತಿನಲ್ಲಿ ನಮಗೆ ಕಥೆ ಹೇಳುತ್ತಾನೆ. ಶುಕ್ರವಾರ ಬಾಸ್ಟನ್ ಪಕ್ಕದ ಹಾರ್ವರ್ಡ್‌ನಲ್ಲಿ ಆಡಿ, ರಾತ್ರಿಯೇ ಎರಡು ಗಂಟೆ ಉತ್ತರಕ್ಕೆ ಸಾಗಿ, ಶನಿವಾರ ಡಾರ್ಟ್‌ಮತ್‌ನಲ್ಲಿ ಆಡುವುದು ಆ ಲೀಗಿನ ಹಳೆಯ ಪಾಡು. ಮಾರನೆಯ ದಿನ ಗಂಟಲು ಕಟ್ಟಿದ ದನಿ ರೇಡಿಯೋದಲ್ಲಿ ಬಂದರೆ ತಾತ ‘ಬಸ್ಸಿನ ಹೀಟರ್ ಮತ್ತೆ ಕೆಟ್ಟಿರಬೇಕು’ ಅನ್ನುತ್ತಿದ್ದರು.

ನಾನಿದ್ದ ಆ ಎರಡನೇ ಚಳಿಗಾಲ, 2009–10, ಕಾರ್ನೆಲ್ ಬ್ಯಾಸ್ಕೆಟ್‌ಬಾಲ್ ಹಿಂದೆಂದೂ ಕಾಣದಂಥದ್ದು. ಸ್ಟೀವ್ ಡೊನಹ್ಯೂ ಕೋಚ್, ದೂರದಿಂದ ಗುರಿಯಿಡುವ ರಯಾನ್ ವಿಟ್‌ಮನ್, ಏಳಡಿಯ ಜೆಫ್ ಫೂಟ್. ಜನವರಿ 6ರಂದು ದೇಶದ ನಂಬರ್ ಒನ್ ತಂಡ ಕ್ಯಾನ್ಸಸ್‌ನ ಮನೆಗೇ ಹೋಗಿ ಕೊನೆಯ ನಿಮಿಷದವರೆಗೂ ಬೆವರಿಳಿಸಿ 71–66ರಲ್ಲಿ ಸೋತರು. ಮಾರ್ಚ್‌ನಲ್ಲಿ ಟೆಂಪಲ್ ಮತ್ತು ವಿಸ್ಕಾನ್ಸಿನ್ ತಂಡಗಳನ್ನು ಸೋಲಿಸಿ ರಾಷ್ಟ್ರೀಯ ಟೂರ್ನಿಯ ಕೊನೆಯ ಹದಿನಾರಕ್ಕೆ ಬಂದರು. ಆಗ ಇಡೀ ದೇಶ ಅವರನ್ನು ಟಿವಿಯಲ್ಲಿ ನೋಡಿತು. ನನಗೆ ನೆನಪಿರುವುದು ಮಾತ್ರ ಯಾರೂ ನೋಡದ ಒಂದು ರಾತ್ರಿ.

ಫೆಬ್ರುವರಿ 12, ಶುಕ್ರವಾರ. ಫಿಲಡೆಲ್ಫಿಯಾದ ಪೆನ್ ವಿಶ್ವವಿದ್ಯಾಲಯದ ಪಲೆಸ್ಟ್ರಾ ಎಂಬ ಅಂಗಳದಲ್ಲಿ ಪಂದ್ಯ. 1927ರಲ್ಲಿ ತೆರೆದ ಕಟ್ಟಡ. ಪ್ರೇಕ್ಷಕರ ಬೆಂಚುಗಳು ಅಂಕಣದ ಗೆರೆಗೆ ತಾಗಿಕೊಂಡೇ ಇವೆ, ಅಲ್ಲಿ ಕೂಗಿದ್ದು ಛಾವಣಿಗೆ ಬಡಿದು ವಾಪಸು ಬರುತ್ತದೆ. ಆ ವರ್ಷ ಪೆನ್ ತಂಡ ಸೋತು ಸುಣ್ಣವಾಗಿತ್ತು. ನಾವು ಗೆಲ್ಲುವುದು ಖಚಿತವೆಂದು ತಾತ ಒಂದೇ ಪೆನ್ಸಿಲ್ ಚೂಪು ಮಾಡಿದ್ದರು. ರೇಡಿಯೋದಲ್ಲಿ ವಿವರಣೆಗಾರನ ದನಿ ಹೊತ್ತುಹೊತ್ತಿಗೆ ಸಣ್ಣದಾಯಿತು, ಹಿಂದಿನ ಗದ್ದಲ ದೊಡ್ಡದಾಯಿತು. ಕೊನೆಗೆ ಅವನ ಮಾತು ಕೇಳಿಸದೆ ಹೋಯಿತು, ವಿದ್ಯಾರ್ಥಿಗಳು ಅಂಕಣಕ್ಕೇ ನುಗ್ಗಿದ್ದರು. 79–64. ಆ ವರ್ಷ ಲೀಗಿನಲ್ಲಿ ಕಾರ್ನೆಲ್ ಸೋತದ್ದು ಅದೊಂದೇ. ತಾತ ಕೊನೆಯ ಫ್ರೀ ಥ್ರೋವರೆಗೂ ಬರೆದರು. ‘ಸೋತ ಆಟವನ್ನೂ ಬರೆಯಬೇಕಾ?’ ಅಂದೆ. ‘ಹುಡುಗರು ವಾಪಸು ಬಂದು ಬಸ್ ಇಳಿಯುತ್ತಾರೆ. ಊರಲ್ಲಿ ಒಬ್ಬರಾದರೂ ಪೂರ್ತಿ ಕೇಳಿದವರು ಇರಲಿ’ ಅಂದರು.

ಮಲಗುವ ಕೋಣೆಯಿಂದ ಮಾರುಕಟ್ಟೆಗೆ

ಕಾಣದ ಪಂದ್ಯವನ್ನು ಕಾಣಬೇಕೆಂಬ ಈ ಹಂಬಲಕ್ಕೆ ಟಿವಿಯಷ್ಟೇ ವಯಸ್ಸು. ಕಾಲೇಜು ಬ್ಯಾಸ್ಕೆಟ್‌ಬಾಲ್ ಮೊದಲು ಟಿವಿಯಲ್ಲಿ ಬಂದದ್ದು 1940ರ ಫೆಬ್ರುವರಿ 28ರಂದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಿಂದ. ಪಿಟ್ಸ್‌ಬರ್ಗ್ ತಂಡ ಫೋರ್ಡಮ್ ವಿರುದ್ಧ ಆಡಿತು, ಅದರ ಹಿಂದೆಯೇ ನ್ಯೂಯಾರ್ಕ್ ವಿಶ್ವವಿದ್ಯಾಲಯ ಜಾರ್ಜ್‌ಟೌನ್ ವಿರುದ್ಧ. ಅದೊಂದು ಪ್ರಾಯೋಗಿಕ ಕೇಂದ್ರದ ಪ್ರಸಾರ. ಟಿವಿ ಇದ್ದ ಮನೆಗಳೇ ಬೆರಳೆಣಿಕೆಯಷ್ಟು.

ರಾಷ್ಟ್ರೀಯ ಟೂರ್ನಿಗೆ ಮುಂಚಿನ ಮಾಮೂಲು ಪಂದ್ಯವೊಂದನ್ನು ದೇಶವೇ ಕೂತು ನೋಡಿದ್ದು 1968ರ ಜನವರಿ 20ರಂದು. ಅದೂ ಒಂದು ಅತ್ತೆಮನೆಯ ಕಥೆ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಸತತ 47 ಪಂದ್ಯ ಗೆದ್ದು ಹ್ಯೂಸ್ಟನ್‌ಗೆ ಹೋಗಿತ್ತು. ಆಸ್ಟ್ರೋಡೋಮ್ ಎಂಬ ಬೇಸ್‌ಬಾಲ್ ಮೈದಾನದ ನಟ್ಟನಡುವೆ, ಲಾಸ್ ಏಂಜಲೀಸ್‌ನಿಂದಲೇ ಹೊತ್ತು ತಂದ ಮರದ ಅಂಕಣ ಹಾಸಿದ್ದರು. 52,693 ಜನ ಸೇರಿದ್ದರು. ಎಲ್ವಿನ್ ಹೇಸ್ 39 ಅಂಕ ಹೊಡೆದು ಹ್ಯೂಸ್ಟನ್‌ಗೆ 71–69ರ ಗೆಲುವು ತಂದುಕೊಟ್ಟರು. ದೊಡ್ಡ ಟಿವಿ ಜಾಲಗಳು ಕಾಲೇಜು ಬ್ಯಾಸ್ಕೆಟ್‌ಬಾಲ್ ಕಡೆ ತಿರುಗಿಯೂ ನೋಡದ ಆ ಕಾಲದಲ್ಲಿ ಎಡ್ಡಿ ಐನ್‌ಹಾರ್ನ್ ಎಂಬ ಸಾಹಸಿ 27,000 ಡಾಲರ್‌ಗೆ ಹಕ್ಕು ಕೊಂಡು, ಊರೂರಿನ ಕೇಂದ್ರಗಳನ್ನು ಒಂದೊಂದಾಗಿ ಹೆಣೆದು ಪ್ರಸಾರ ಮಾಡಿದ. 1979ರಲ್ಲಿ ಇಎಸ್‌ಪಿಎನ್ ಹುಟ್ಟಿತು. ಇಪ್ಪತ್ತನಾಲ್ಕು ಗಂಟೆ ತುಂಬಿಸಲು ಆಟ ಬೇಕಿತ್ತು, ಕಾಲೇಜುಗಳ ಬಳಿ ಆಟ ರಾಶಿ ಬಿದ್ದಿತ್ತು. ದೊಡ್ಡ ಲೀಗುಗಳ ದಾರಿದ್ರ್ಯ ಹಿಂಗಿತು. ಸಣ್ಣವುಗಳಿಗೆ ರೇಡಿಯೋವೇ ಗತಿ, ಅದೂ ಸ್ಟೇಷನ್ನಿನ ಅಲೆ ಮುಟ್ಟುವಷ್ಟು ದೂರ ಮಾತ್ರ.

ಆ ಅಲೆಯ ಎಲ್ಲೆ ದಾಟಿಸಿದ್ದು ಒಂದು ಬಗೆಯ ತವರಿನ ಹಂಬಲವೇ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಓದಿದ್ದ ಮಾರ್ಕ್ ಕ್ಯೂಬನ್ ಮತ್ತು ಟಾಡ್ ವ್ಯಾಗ್ನರ್ ಆಗ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿದ್ದರು. ಇಂಡಿಯಾನಾದ ಬ್ಯಾಸ್ಕೆಟ್‌ಬಾಲ್ ಪಂದ್ಯದ ವಿವರಣೆ ಅಲ್ಲಿಗೆ ಕೇಳುತ್ತಿರಲಿಲ್ಲ. ಇಂಟರ್ನೆಟ್ ಮೂಲಕ ರೇಡಿಯೋ ಕೇಳುವಂತಿದ್ದರೆ? 1995ರಲ್ಲಿ ಅವರು ಆಡಿಯೋನೆಟ್ ಎಂಬ ಕಂಪನಿ ನಡೆಸತೊಡಗಿದರು. ಕ್ಯೂಬನ್ ಮನೆಯ ಮಲಗುವ ಕೋಣೆಯೇ ಮೊದಲ ಕಚೇರಿ. ಮುಂದೆ ಅದು ಬ್ರಾಡ್‌ಕಾಸ್ಟ್ ಡಾಟ್ ಕಾಮ್ ಆಯಿತು. 1999ರಲ್ಲಿ ಯಾಹೂ ಅದನ್ನು 5.7 ಶತಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಕೊಂಡಿತು. ಇಂದು ನಾವು ಸ್ಟ್ರೀಮಿಂಗ್ ಎನ್ನುವ ಉದ್ಯಮಕ್ಕೆ ಇರುವ ಹಲವು ಬೇರುಗಳಲ್ಲಿ ಒಂದು, ಊರು ಬಿಟ್ಟ ಇಬ್ಬರು ಹಳೇ ವಿದ್ಯಾರ್ಥಿಗಳ ಹಟದಲ್ಲಿದೆ. ಆ ಕಥೆ ಓದಿದಾಗಲೆಲ್ಲ ನನಗೆ ಅದರ ಹಣ ನೆನಪಿಗೆ ಬರುವುದಿಲ್ಲ. ಡಲ್ಲಾಸ್‌ನ ಆ ಕೋಣೆಯಲ್ಲಿ ಕಿವಿ ನಿಮಿರಿಸಿ ಕೂತವರು ಕಣ್ಮುಂದೆ ಬರುತ್ತಾರೆ.

ಚಿತ್ರ ಬರುವುದಕ್ಕೆ ಇನ್ನೊಂದಿಷ್ಟು ಕಾಲ ಹಿಡಿಯಿತು. 2006ರಲ್ಲಿ ಸಿಬಿಎಸ್ ರಾಷ್ಟ್ರೀಯ ಟೂರ್ನಿಯನ್ನು ಇಂಟರ್ನೆಟ್‌ನಲ್ಲಿ ಪುಕ್ಕಟೆ ತೋರಿಸಿತು. 2011ರಿಂದ ಟೂರ್ನಿಯ ಎಲ್ಲ ಪಂದ್ಯಗಳೂ ರಾಷ್ಟ್ರೀಯ ವಾಹಿನಿಗಳಿಗೆ ಬಂದವು. 14 ವರ್ಷದ ಆ ಒಪ್ಪಂದದ ಬೆಲೆ 10.8 ಶತಕೋಟಿ ಡಾಲರ್. ಮಾರ್ಚ್ ತಿಂಗಳು ಬೆಳಕಾಯಿತು. ನವೆಂಬರಿನಿಂದ ಫೆಬ್ರುವರಿವರೆಗಿನ ಕತ್ತಲು ಹಾಗೇ ಇತ್ತು. ಐವಿ ಲೀಗ್ 2013ರಲ್ಲಿ ಎಂಟೂ ಕಾಲೇಜುಗಳಿಗೆ ಸೇರಿ ಒಂದು ಡಿಜಿಟಲ್ ಜಾಲ ಮಾಡಿತು. 2018ರ ಏಪ್ರಿಲ್‌ನಲ್ಲಿ ಇಎಸ್‌ಪಿಎನ್ ಪ್ಲಸ್ ಎಂಬ ಚಂದಾ ಸೇವೆ ತಿಂಗಳಿಗೆ 4.99 ಡಾಲರ್‌ಗೆ ಶುರುವಾಯಿತು. ಅದೇ ವರ್ಷ ಐವಿ ಪಂದ್ಯಗಳು ಅಲ್ಲಿಗೆ ಸೇರಿದವು. ತಾತ ಕಿವಿಯಿಂದ ಕಂಡದ್ದನ್ನು ನಾನು ಕಣ್ಣಿನಿಂದಲೇ ಕಾಣುವಂತಾಯಿತು.

ಒಂದೇ ಚೆಂಡು, ಮೂರು ಸಲ

ಆದರೆ ಕಂಡದ್ದು ಯಾವಾಗಿನದು? ನನ್ನ ಊಟದ ಮೇಜಿನ ಮೇಲೆ ಒಂದೇ ಚೆಂಡು ಮೂರು ಸಲ ಬುಟ್ಟಿಗೆ ಬೀಳುತ್ತದೆ. ಮೊದಲು ಮೊಬೈಲಿನ ಸ್ಕೋರಿನಲ್ಲಿ. ಆಮೇಲೆ ಬಲಗಿವಿಯ ರೇಡಿಯೋದಲ್ಲಿ. ಕೊನೆಗೆ, ಎಲ್ಲ ಗೊತ್ತಾಗಿ ಹೋದ ಮೇಲೆ, ಲ್ಯಾಪ್‌ಟಾಪಿನ ಚಿತ್ರದಲ್ಲಿ.

ಅದರ ಮರ್ಮ ಹೀಗಿದೆ. ಅಂಕಣದ ಪಕ್ಕದ ಮೇಜಿನಲ್ಲಿ ಇಬ್ಬರು ಕೂತಿರುತ್ತಾರೆ. ಒಬ್ಬ ಆಟದಿಂದ ಕಣ್ಣು ಕೀಳದೆ ‘ಹತ್ತು, ಎರಡು ಅಂಕ, ಒಳಗೆ’ ಎಂದು ಕೂಗುತ್ತಾನೆ. ಇನ್ನೊಬ್ಬ ತಲೆ ಎತ್ತದೆ ಲ್ಯಾಪ್‌ಟಾಪಿಗೆ ಒತ್ತುತ್ತಾನೆ. ಅದು ಬರೀ ನಾಲ್ಕು ಅಕ್ಷರದ ಸುದ್ದಿ, ಹಗುರ, ಗಾಳಿಯಂತೆ ಸಾಗರ ದಾಟಿ ಬರುತ್ತದೆ. ಚಿತ್ರ ಹಾಗಲ್ಲ. ಅದನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಹಿಂಡಿ, ಊರೂರಿನ ಸರ್ವರ್‌ಗಳಲ್ಲಿ ಹರಡಿ ಕಳಿಸುತ್ತಾರೆ. ನಮ್ಮ ಕಡೆಯ ಪ್ಲೇಯರ್ ಕೂಡ ದಾರಿಯಲ್ಲಿ ಅಡ್ಡಿ ಬಂದರೆ ಇರಲಿ ಎಂದು ಮೂರ್ನಾಲ್ಕು ತುಂಡು ಕೂಡಿಟ್ಟುಕೊಂಡೇ ತೋರಿಸಲು ಶುರುಮಾಡುತ್ತದೆ. ಸೇರಿ ಅರ್ಧ ನಿಮಿಷ ಹಿಂದೆ ಬಿದ್ದರೆ ಆಶ್ಚರ್ಯವಿಲ್ಲ. ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ತಂಡ ಎಸೆಯಲೇಬೇಕಾದ ಗಡುವು 30 ಸೆಕೆಂಡು. ಅಂದರೆ ನಾನು ನೋಡುತ್ತಿರುವುದು ಹೆಚ್ಚುಕಡಿಮೆ ಕಳೆದ ಸರದಿಯ ಆಟ.

ಆದ್ದರಿಂದ ಕೊನೆಯ ಎರಡು ನಿಮಿಷಕ್ಕೆ ಮೊಬೈಲನ್ನು ಬೋರಲು ಹಾಕುತ್ತೇನೆ. ಸುದ್ದಿ ಮೊದಲು ಬೇಕೋ ಆಟ ಮೊದಲು ಬೇಕೋ ಎಂದು ಕೇಳಿದರೆ ಆಟವೇ ಇರಲಿ. ಹಾಗೆಂದು ಮನಸ್ಸು ಕೇಳುತ್ತದೆಯೇ? ಒಂದು ಮೂಲೆಯನ್ನು ಬೆರಳಿನಿಂದ ಎತ್ತಿ ನೋಡಿ ಮತ್ತೆ ಇಡುತ್ತೇನೆ.

ಕರ್ನಾಟಕ ರಣಜಿ ತಂಡ ದೂರದ ಯಾವುದೋ ಊರಿನಲ್ಲಿ ಆಡುವಾಗ, ಟಿವಿಯಲ್ಲಿ ಬಾರದ ಆ ನಾಲ್ಕು ದಿನಗಳನ್ನು ಫೋನಿನ ಸ್ಕೋರ್‌ಕಾರ್ಡ್ ತಿರುತಿರುಗಿ ತೆರೆದು ಕಳೆದವರಿಗೆ ಈ ಸುಖದುಃಖ ಹೊಸದಲ್ಲ. ‘ಔಟ್’ ಎಂಬ ಪದ ಕಾಣುತ್ತದೆ, ಕ್ಯಾಚು ಹೇಗೆ ಹಿಡಿದರು ಎಂಬುದು ಕಾಣುವುದಿಲ್ಲ. ಅದನ್ನು ನಾವೇ ಕಟ್ಟಿಕೊಳ್ಳಬೇಕು.

ಒಂದೊಂದು ಬಾಗಿಲಿಗೆ ಒಂದೊಂದು ಬೀಗ

ಈಗ ಕಾಣದ ಪಂದ್ಯ ಕಡಿಮೆ, ಕಾಸಿಲ್ಲದೆ ಕಾಣುವ ಪಂದ್ಯ ಇನ್ನೂ ಕಡಿಮೆ. ಹಕ್ಕು ಆತಿಥೇಯರದು ಎಂದೆನಲ್ಲ, ಆದ್ದರಿಂದ ತಂಡ ಹೋದಹೋದ ಮನೆಗೆ ನಾವೂ ಹೊಸ ಬೀಗದ ಕೈ ಕೊಳ್ಳಬೇಕು. ಬಿಗ್ ಟೆನ್ ಎಂಬ ದೊಡ್ಡ ಲೀಗಿನ ಕಾಲೇಜಿಗೆ ಹೋದರೆ ಆ ಲೀಗಿನ ಚಂದಾ. ಇನ್ನೊಂದು ಲೀಗಿಗೆ ಬೇರೆ ಕಂಪನಿ. ಒಂದೇ ಒಂದು ಪಂದ್ಯಕ್ಕೆ ತಿಂಗಳ ಹಣ ಕಟ್ಟಿ, ಮಾರನೆಯ ದಿನ ರದ್ದು ಮಾಡುವುದನ್ನು ಮರೆತು ಮೂರು ತಿಂಗಳು ತೆತ್ತವರಲ್ಲಿ ನಾನೂ ಒಬ್ಬ. ಬೆಂಗಳೂರಿನಲ್ಲಿ ಕೂತವನಿಗೆ ಇನ್ನೊಂದು ಫಜೀತಿ: ಹಣ ಕೊಡುತ್ತೇನೆಂದರೂ ಕೆಲವು ಕಡೆ ‘ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಎಂಬ ಫಲಕ ಬಾಗಿಲಲ್ಲೇ ತಡೆಯುತ್ತದೆ. ಆ ದಿನ ಮೇಜಿನ ಮೇಲೆ ಮೂರಲ್ಲ, ಎರಡೇ.

ಇದು ಸಣ್ಣವರ ಪಾಡು ಮಾತ್ರವಲ್ಲ. 2024ರ ಫೆಬ್ರುವರಿ 15ರಂದು ಅಯೋವಾದ ಕೇಟ್ಲಿನ್ ಕ್ಲಾರ್ಕ್, ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಸ್ಥೆಯ ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಸಾರ್ವಕಾಲಿಕ ಅಂಕಗಳ ದಾಖಲೆ ಮುರಿದರು. ಅಂಕಣದ ನಡುವಿನ ಲಾಂಛನದ ಹತ್ತಿರದಿಂದ ಎಸೆದ ಮೂರು ಅಂಕದ ಚೆಂಡು. ಆ ರಾತ್ರಿ ಅವರು ಹೊಡೆದದ್ದು 49. ದೇಶದಲ್ಲಿ ಅಂದು ಅದಕ್ಕಿಂತ ದೊಡ್ಡ ಕ್ರೀಡಾ ಸುದ್ದಿಯಿರಲಿಲ್ಲ. ಆದರೂ ಅದು ಟಿವಿಯಲ್ಲಿ ಇರಲಿಲ್ಲ, ಪೀಕಾಕ್ ಎಂಬ ಸ್ಟ್ರೀಮಿಂಗ್ ಸೇವೆಯಲ್ಲಿ ಮಾತ್ರ ಇತ್ತು. ಒಂದು ಕಾಲಕ್ಕೆ ಟಿವಿಗೆ ಬೇಡವಾದದ್ದು ಇಂಟರ್ನೆಟ್‌ಗೆ ಹೋಗುತ್ತಿತ್ತು. ಈಗ ಜನ ಬಿಡಲಾರರು ಎಂದು ಗೊತ್ತಿರುವುದನ್ನು ಬೇಕೆಂದೇ ಅಲ್ಲಿಡುತ್ತಾರೆ.

ತಮಾಷೆಯೆಂದರೆ, ಕಾಣಲು ಕಷ್ಟವಾದ ಈ ಹೊರ ಊರಿನ ಪಂದ್ಯಗಳೇ ಲೆಕ್ಕದಲ್ಲಿ ಹೆಚ್ಚು ತೂಗುತ್ತವೆ. ಟೂರ್ನಿಯ 68 ತಂಡಗಳನ್ನು ಆರಿಸುವ ಸಮಿತಿಯ ಮುಂದೆ 2018–19ರಿಂದ ‘ನೆಟ್’ ಎಂಬ ಶ್ರೇಯಾಂಕವಿದೆ. ಅದರಲ್ಲಿ ಮೊದಲ ದರ್ಜೆಯ ಗೆಲುವು ಅನ್ನಿಸಿಕೊಳ್ಳಲು ತವರಿನಲ್ಲಾದರೆ ಮೊದಲ 30 ಸ್ಥಾನದೊಳಗಿನ ತಂಡವನ್ನು ಸೋಲಿಸಬೇಕು. ಹೊರಗಾದರೆ 75ರೊಳಗಿನ ತಂಡವಾದರೂ ಸಾಕು. ಪರರ ನೆಲದಲ್ಲಿ ಗೆಲ್ಲುವುದು ಎಷ್ಟು ಕಷ್ಟವೆಂದು ಸಮಿತಿಯೇ ಒಪ್ಪಿಕೊಂಡ ಹಾಗಾಯಿತು. ಇನ್ನು ಕೆಲವು ಸಣ್ಣ ಕಾಲೇಜುಗಳು ಹಣಕ್ಕಾಗಿಯೇ ದೊಡ್ಡವರ ಮನೆಗೆ ಹೋಗಿ ಆಡುತ್ತವೆ. ಬಂದು ಸೋತು ಹೋಗಿ ಎಂಬಂತೆ ಒಂದು ಪಂದ್ಯಕ್ಕೆ ಹತ್ತಾರು ಸಾವಿರ ಡಾಲರ್ ಕೊಡುತ್ತಾರೆ. ಆ ಹಣದಲ್ಲೇ ವರ್ಷದ ಬಸ್ಸು, ಬೂಟು ಆಗಬೇಕು. ಅಪರೂಪಕ್ಕೆ ಇಂಥವರಲ್ಲೊಬ್ಬರು ಗೆದ್ದುಬಿಡುತ್ತಾರೆ. ಆತಿಥೇಯರ ಕ್ಯಾಮೆರಾ ಆಗ ಎತ್ತ ನೋಡಬೇಕೆಂದು ತಿಳಿಯದೆ ಛಾವಣಿಗೆ ತೂಗುಬಿಟ್ಟ ಹಳೆಯ ಪ್ರಶಸ್ತಿಗಳ ಬಾವುಟಗಳನ್ನು ತೋರಿಸುತ್ತದೆ.

ಮೈಕಿಗೆ ಕೇಳಿಸದ್ದು

ಕ್ಯಾಮೆರಾ ತೋರಿಸದ್ದು, ಮೈಕಿಗೆ ಬೀಳದ್ದು ಇನ್ನೂ ಇದೆ. ನಾನು ಇಥಾಕಾದಲ್ಲಿದ್ದಾಗ ಹಾರ್ವರ್ಡ್ ಪರ ಆಡುತ್ತಿದ್ದವರು ಜೆರೆಮಿ ಲಿನ್. ತೈವಾನ್ ಮೂಲದ ದಂಪತಿಯ ಮಗ. ಎರಡೇ ವರ್ಷದಲ್ಲಿ, 2012ರ ಫೆಬ್ರುವರಿಯಲ್ಲಿ, ನ್ಯೂಯಾರ್ಕ್ ನಿಕ್ಸ್ ಪರ ಆಡಿ ಲೋಕವನ್ನೇ ಬೆರಗಾಗಿಸಿದರು. ಐವಿ ಲೀಗಿನ ಹೊರ ಊರಿನ ಪಂದ್ಯಗಳಲ್ಲಿ ಜನಾಂಗೀಯ ಬೈಗುಳ ಕೇಳಬೇಕಾಗಿ ಬಂದದ್ದನ್ನು ಆಮೇಲೆ ಅವರೇ ಹೇಳಿಕೊಂಡರು. ಆ ಪಂದ್ಯಗಳಲ್ಲಿ ಕೆಲವನ್ನು ನಾನು ಗ್ಯಾಲರಿಯಲ್ಲಿ ಕೂತೇ ನೋಡಿದ್ದೆ. ನನ್ನ ಕಿವಿಗೆ ಗದ್ದಲ ಬರೀ ಗದ್ದಲವಾಗಿತ್ತು. ಅತ್ತೆಮನೆಯಲ್ಲಿ ಯಾರಿಗೆ ಏನು ಕೇಳಿಸುತ್ತದೆ ಎಂಬುದು ಅಲ್ಲಿ ನಿಂತವರಿಗಷ್ಟೇ ಗೊತ್ತು.

ಈಗೀಗ ಎಷ್ಟೋ ಶಾಲೆಗಳಲ್ಲಿ, ಸಣ್ಣ ಕಾಲೇಜುಗಳಲ್ಲಿ ಕ್ಯಾಮೆರಾ ಹಿಡಿಯಲು ಮನುಷ್ಯರೂ ಬೇಕಿಲ್ಲ. ಗೋಡೆಗೆ ಬಿಗಿದ ಯಂತ್ರವೇ ಚೆಂಡನ್ನು ಗುರುತಿಸಿ ಹಿಂಬಾಲಿಸುತ್ತದೆ. 2020ರಲ್ಲಿ ಸ್ಕಾಟ್ಲೆಂಡಿನ ಫುಟ್‌ಬಾಲ್ ಪಂದ್ಯವೊಂದರಲ್ಲಿ ಇಂಥದ್ದೇ ಯಂತ್ರ ಚೆಂಡನ್ನು ಬಿಟ್ಟು ಲೈನ್ಸ್‌ಮನ್‌ನ ಬೋಳು ತಲೆಯ ಹಿಂದೆ ಬಿದ್ದಿತ್ತು. ನಗು ಬರುತ್ತದೆ. ಆದರೂ ನನಗೊಂದು ಸಮಾಧಾನ: ಯಂತ್ರಕ್ಕೆ ತವರಿಲ್ಲ, ಅತ್ತೆಮನೆಯೂ ಇಲ್ಲ. ಅದು ಯಾರ ಕೋಚ್ ಮುಖವನ್ನೂ ಹುಡುಕಿಕೊಂಡು ಹೋಗುವುದಿಲ್ಲ. ಹಾಗಾದರೆ ಅದೇ ವಾಸಿಯಲ್ಲವೇ ಎಂದರೆ, ಇಲ್ಲ. ಪಕ್ಷಪಾತಿಯಾದರೂ ಸರಿ, ಆಟದಿಂದ ಎದೆ ಬಡಿದುಕೊಳ್ಳುವ ಒಬ್ಬಳು ಆ ಕ್ಯಾಮೆರಾದ ಹಿಂದೆ ಇರಬೇಕು.

ಕೆಲವು ವರ್ಷಗಳ ಹಿಂದಿನ ಒಂದು ಶನಿವಾರದ ಮಾತು ಹೇಳಿ ಮುಗಿಸುತ್ತೇನೆ. ಅತ್ತೆಮನೆಯ ಪಂದ್ಯ. ಹೊತ್ತು ಏಳೂಕಾಲು ದಾಟಿತ್ತು, ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಿದ್ದಳು. ನಾವು ಒಂದು ಅಂಕ ಹಿಂದೆ, ಚೆಂಡು ನಮ್ಮ ಕೈಯಲ್ಲಿ, ಕೊನೆಯ ಸರದಿ. ಬೋರಲು ಹಾಕಿದ ಮೊಬೈಲ್. ರೇಡಿಯೋ ಅರ್ಧ ಗಂಟೆ ಮುಂಚೆಯೇ ಸತ್ತಿತ್ತು. ಲ್ಯಾಪ್‌ಟಾಪಿನಲ್ಲಿ ನಮ್ಮ ಹುಡುಗ ಬಲಗಡೆಯಿಂದ ನುಗ್ಗಿ, ಮೇಲಕ್ಕೆ ಹಾರಿ, ಕೈ ಎತ್ತಿದ. ಅಲ್ಲಿಗೆ ಚಿತ್ರ ನಿಂತಿತು. ಚೆಂಡು ಬೆರಳ ತುದಿಯಲ್ಲಿ, ಬುಟ್ಟಿ ಒಂದು ಗೇಣು ಆಚೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ಯಾರೋ ಫೋಟೋ ತೆಗೆದಿಟ್ಟ ಹಾಗೆ.

ಚಿತ್ರ ನಿಂತರೂ ಧ್ವನಿ ಒಂದಿಷ್ಟು ಹೊತ್ತು ಹರಿಯುತ್ತಲೇ ಇತ್ತು. ಎರಡು ಗಂಟೆಯಿಂದ ಎಡೆಬಿಡದೆ ಬಡಿಯುತ್ತಿದ್ದ ಡೋಲು, ಬೆಂಚು ಗುದ್ದುವ ಕಾಲುಗಳು, ಎರಡು ಸಾವಿರ ಗಂಟಲು. ಆ ಸದ್ದು ಏರಿತು, ಏರಿತು. ಆಮೇಲೆ ಯಾರೋ ಬಾಗಿಲು ಮುಚ್ಚಿದ ಹಾಗೆ ನಿಂತಿತು. ದೂರದಲ್ಲೆಲ್ಲೋ ಒಂದು ಹಿಡಿಯಷ್ಟು ಜನ ಕಿರುಚಿದ್ದು ಮಾತ್ರ, ಬಾವಿಯ ತಳದಿಂದ ಬಂದಂತೆ ಕೇಳಿತು.

ಅಮ್ಮ ಕೈಯಲ್ಲಿ ತಟ್ಟೆಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ‘ಏನಾಯ್ತೋ?’

‘ಚಿತ್ರ ನಿಂತೋಯ್ತಮ್ಮ. ಸದ್ದೂ ಇಲ್ಲ.’

‘ಅತ್ತೆ ಮನೇಲಿ ಸದ್ದಿಲ್ಲ ಅಂದ್ರೆ ನಮ್ಮೋರು ಗೆದ್ರು ಬಿಡು’ ಅಂದಳು. ಮೊಬೈಲನ್ನು ಎತ್ತಿ ನನ್ನ ಕೈಗೆ ಕೊಟ್ಟು, ಆ ಜಾಗದಲ್ಲಿ ತಟ್ಟೆ ಇಟ್ಟಳು.